ಮಂಗಳಗೌರಿ ಆರಿಸಿದ ಪುಸ್ತಕ

ಟಣ್, ಟಣ್ ಎಂದು ಕಿಟಕಿಯ ಸರಳಿಗೆ ಏನೋ ತಾಗಿತು. ಉರಿಬಿಸಿಲಿನ ಹೊತ್ತು. ಗ್ರಂಥಾಲಯದಲ್ಲಿ ಓದುವವರು ಯಾರೂ ಇರಲಿಲ್ಲ. ಕಿತ್ತುಹೋದ ಪುಸ್ತಕವೊಂದರ ಬೆನ್ನಿಗೆ ಅಂಟು ಸವರುತ್ತಿದ್ದ ಮಂಗಳಗೌರಿ ತಲೆಯೆತ್ತಿದಳು. ಕಿಟಕಿಯಾಚೆ ಪಾತಣ್ಣ ನಿಂತಿದ್ದ. ಸರಳಿಗೆ ತಾಗಿದ್ದು ಅವನ ಕೈಯ ತಾಮ್ರದ ಕಡಗ. ಹಟ್ಟಿಯ ದೇವರ ಎತ್ತುಗಳನ್ನು ಕಾಯುವ ಕಿಲಾರಿ ಅವನು. ಅವನ ಅಪ್ಪ, ಅಜ್ಜ ಕೂಡ ಅದನ್ನೇ ಮಾಡಿದವರು. ಕೈಯಲ್ಲಿ ಕೋಲಿಲ್ಲದೆ ಅವನನ್ನು ಅವಳು ಯಾವತ್ತೂ ಕಂಡಿರಲಿಲ್ಲ. ಇವತ್ತು ಕೋಲಿರಲಿಲ್ಲ.

"ಒಳಗೆ ಬಾ ಪಾತಣ್ಣ, ಬಿಸಿಲಾಗೆ ಯಾಕೆ ನಿಂತೆ?"

"ಬ್ಯಾಡಕ್ಕ. ಇದನ್ನ ಕೊಟ್ಟು ಹೋಗಾನ ಅಂತ ಬಂದೆ."

ಹೆಗಲ ಮೇಲಿನ ಟವೆಲಿನಲ್ಲಿ ಸುತ್ತಿಟ್ಟಿದ್ದ ಪುಸ್ತಕವನ್ನು ತೆಗೆದು ಸರಳುಗಳ ನಡುವೆ ತೂರಿಸಿದ. ತೆಳ್ಳನೆಯ ಪುಸ್ತಕ. ರಟ್ಟಿನ ಮೇಲೆ ಮುದಿ ಕತ್ತೆಯೊಂದರ ಚಿತ್ರ.

"ಬುಕ್ಕಿಗೇನೂ ಆಗಿಲ್ಲ. ಒಂದು ಕಡೆ ಸಗಣಿ ಮೆತ್ತಿತ್ತು. ಒದ್ದೆ ಬಟ್ಟೆಯಾಗೆ ಒರಸೀನಿ."

"ಮಗಳೆಲ್ಲಿ, ರೂಪ? ಎಷ್ಟು ದಿನ ಆಯ್ತು, ಈ ಕಡೆ ತಲೆ ಹಾಕಿಲ್ಲ."

"ಇನ್ನ ಬರಲ್ಲಕ್ಕ ಅವಳು."

ಮಂಗಳಗೌರಿ ಎದ್ದು ಕಿಟಕಿಯ ಹತ್ತಿರ ಬಂದಳು. "ಏನಾಯ್ತು? ಕೋಲೆಲ್ಲಿ ನಿಂದು?"

"ಕೆಂಚಣ್ಣನ ಕೈಯಾಗೈತೆ. ಚಿಕ್ಕಪ್ಪನ ಮಗ. ನಾನೀಗ ಶೇಂಗಾ ಕೀಳಾಕೆ ಹೋಗ್ತಾ ಇದೀನಿ." ಅವನು ಅವಳ ಮುಖ ನೋಡದೆ ಸರಳಿನ ತುಕ್ಕನ್ನು ಉಗುರಿನಿಂದ ಕೆರೆಯುತ್ತಿದ್ದ. "ಬುಕ್ಕು ಚೆನ್ನಾಗೈತಕ್ಕ. ನಂಗೆ ಓದಾಕೆ ಬರಲ್ಲ, ಪಾಪನೇ ಓದಿ ಹೇಳ್ತು. ನಾನೂ ಕಣ್ಣೀರು ಹಾಕ್ದೆ. ಅದಕ್ಕೇ ಹೇಳ್ತಿರೋದು. ಇಂಥವನ್ನ ಮಕ್ಕಳಿಗೆ ಕೊಡಬ್ಯಾಡ."

ಅಷ್ಟೇ ಹೇಳಿ ಹೊರಟುಹೋದ. ಬಯ್ದಿದ್ದರೆ ಅವಳು ಏನಾದರೂ ಹೇಳಿ ಸಮಾಧಾನ ಮಾಡುತ್ತಿದ್ದಳು. ಅವನು ಬಯ್ಯಲಿಲ್ಲ.

ಮಂಗಳಗೌರಿ ರಾಂಪುರದವಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಏಳನೇ ತರಗತಿ ಮುಗಿದ ಮೇಲೆ ಮೊಳಕಾಲ್ಮೂರಿನ ಚಿಕ್ಕಮ್ಮನ ಮನೆಗೆ ಸೇರಿ, ಹಗಲೆಲ್ಲ ರೇಷ್ಮೆ ಸೀರೆ ನೇಯುವವರ ಮನೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ, ಸಂಜೆ ಪಾಠ ಓದಿ ಮೆಟ್ರಿಕ್ ಮುಗಿಸಿದಳು. ಸುತ್ತುವ ಕೆಲಸಕ್ಕೆ ಬರುತ್ತಿದ್ದ ಚಿಕ್ಕ ಹುಡುಗಿಯರಿಗೆ ಮಧ್ಯಾಹ್ನವಾದರೆ ತೂಕಡಿಕೆ. ತೂಕಡಿಸಿದರೆ ನೂಲು ತುಂಡಾಗುತ್ತದೆ, ತುಂಡಾದರೆ ಬೈಗುಳ. ಅವರನ್ನು ಎಚ್ಚರವಾಗಿಡಲು ಮಂಗಳಗೌರಿ ಕತೆ ಹೇಳಲು ಶುರುಮಾಡಿದಳು. ಮಗ್ಗದ ಸದ್ದಿನ ಮೇಲೆ ಕೇಳಬೇಕಾದ್ದರಿಂದ ಜೋರಾಗಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ರಾಜಕುಮಾರಿ ಕಾಡಿನಲ್ಲಿ ಒಬ್ಬಳೇ ಉಳಿದಳೆಂದರೆ ಹುಡುಗಿಯರು ಕೈ ನಿಲ್ಲಿಸಿ ಅಳುತ್ತಿದ್ದರು. "ಲೇ ಗೌರಿ, ಎಚ್ಚರ ಮಾಡು ಅಂದ್ರೆ ಅಳಿಸ್ತೀಯಲ್ಲೇ" ಎಂದು ಮನೆಯೊಡತಿ ಗದರುತ್ತಿದ್ದಳು. ಗದರಿದ ಮೇಲೆ ತಾನೂ ಕೇಳುತ್ತ ನಿಲ್ಲುತ್ತಿದ್ದಳು.

ಮದುವೆಯಾಗಿ ನನ್ನಿವಾಳದಾಚೆಯ ಈ ಊರಿಗೆ ಬಂದಳು. ಗಂಡ ರಾಜಣ್ಣ ಟೆಂಪೋದಲ್ಲಿ ಶೇಂಗಾ ಮೂಟೆಗಳನ್ನು ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಹೊಡೆಯುತ್ತಾನೆ. ಮಗ ಗೋವರ್ಧನ ಹುಟ್ಟಿ ಶಾಲೆಗೆ ಹೋಗುವಷ್ಟರಲ್ಲಿ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ಕೆಲಸ ಅವಳಿಗೆ ಸಿಕ್ಕಿತು. ಆಗ ಅಲ್ಲಿದ್ದದ್ದು ಒಂದು ಬೀರು, ಹಳೆಯ ಪರೀಕ್ಷಾ ಮಾರ್ಗದರ್ಶಿಗಳು, ಇಲಿ ಹಿಕ್ಕೆ. ಮಕ್ಕಳ ಕತೆಗೆಂದು ಕಿಟಕಿಯ ಕೆಳಗೆ ಒಂದು ಗೂಡನ್ನು ಅವಳೇ ಮಾಡಿಸಿದಳು. ನೆಲದಲ್ಲಿ ಕೂತರೂ ಕೈಗೆ ಎಟುಕುವ ಎತ್ತರದಲ್ಲಿ.

ಗೂಡಿಗೆ ಯಾವ ಪುಸ್ತಕ ಬರಬೇಕು ಎನ್ನುವುದರಲ್ಲಿ ಅವಳದು ಅವಳದೇ ದಾರಿ. ಚಳ್ಳಕೆರೆಯಲ್ಲಿ ವರ್ಷಕ್ಕೊಮ್ಮೆ ತಾಲ್ಲೂಕಿನ ಗ್ರಂಥಾಲಯಗಳವರನ್ನೆಲ್ಲ ಕರೆದು ಪುಸ್ತಕ ಆರಿಸಲು ಹೇಳುತ್ತಾರೆ. ಉಳಿದವರು ದಪ್ಪ, ಬಣ್ಣ, ಹೆಸರು ನೋಡಿ ಗುರುತು ಹಾಕಿ ಊಟಕ್ಕೆ ಹೋದರೆ, ಇವಳು ಜಮಖಾನದ ಮೇಲೆ ಕೂತು ಮಕ್ಕಳ ಪುಸ್ತಕಗಳನ್ನು ಮೊದಲಿಂದ ಕೊನೆಯವರೆಗೆ ಓದುತ್ತಿದ್ದಳು. ಕೊನೇ ಪುಟದಲ್ಲಿ ನೀತಿ ಹೇಳುವ ಪುಸ್ತಕಗಳನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ನೀತಿ ಬಂತೆಂದರೆ ಮಕ್ಕಳು ಕತೆ ಮರೆತು ಪ್ರಶ್ನೋತ್ತರಕ್ಕೆ ಸಿದ್ಧರಾಗುತ್ತಾರೆ ಎಂದು ಅವಳ ಅನುಭವ. ಕೆಟ್ಟವನು ಕಲ್ಲಿನಷ್ಟು ಕೆಟ್ಟವನಾಗಿರುವ ಕತೆಯೂ ಬೇಡ. ಅವನಿಗೂ ಹಸಿವಾಗುವ, ಚಳಿಯಾಗುವ ಒಂದು ಸಾಲಾದರೂ ಇರಬೇಕು. ಓದುವ ಕೂಸಿಗೆ ಇನ್ನೊಬ್ಬರ ಹೊಟ್ಟೆಯ ಸಂಕಟ ತನ್ನ ಹೊಟ್ಟೆಗೂ ಬಂದಹಾಗಾಗಬೇಕು, ತಾನು ಎಂದೂ ಕಾಣದ ಸಮುದ್ರ ಕಣ್ಣು ಮುಚ್ಚಿದರೆ ಕಾಣಬೇಕು.

ಕೊನೆಯ ತೀರ್ಪು ಅತ್ತೆ ಮೂಗಮ್ಮನದು. ಓದಲು ಬಾರದ ಮೂಗಮ್ಮ ಹೂಂಗುಡುವುದರಲ್ಲಿ ಗಟ್ಟಿಗಿತ್ತಿ. ಮಾದರಿ ಪುಸ್ತಕಗಳನ್ನು ಮನೆಗೆ ತಂದು ಮಂಗಳಗೌರಿ ಜಗುಲಿಯಲ್ಲಿ ಓದುತ್ತಿದ್ದಳು. ಮೂಗಮ್ಮ ಅವರೆಕಾಯಿ ಸುಲಿಯುತ್ತ ವಾಕ್ಯಕ್ಕೊಂದು "ಹೂಂ" ಹಾಕುತ್ತಿದ್ದಳು. ಕತೆ ಹಿಡಿಸಿದರೆ "ತರ್ವಾತ?" ಎಂದು ತೆಲುಗಿನಲ್ಲಿ ಮುಂದಕ್ಕೆ ತಳ್ಳುತ್ತಿದ್ದಳು. ಹಿಡಿಸದಿದ್ದರೆ "ಈ ಹುಡುಗನ್ನ ನಾನು ಬಲ್ಲೆ ಬಿಡು, ಕೊನೀಗೆ ಬಹುಮಾನ ತಗಂತಾನೆ" ಎಂದು ಎದ್ದು ಹೋಗುತ್ತಿದ್ದಳು. ಯಾವ ಪುಸ್ತಕಕ್ಕೆ ಅವಳು ಹೂಂಗುಡುವುದನ್ನೇ ಮರೆತು, ಸುಲಿಯುವ ಕೈ ನಿಂತು, ಸುಮ್ಮನೆ ಕೂತುಬಿಡುತ್ತಿದ್ದಳೋ ಅದು ಗೂಡಿಗೆ ಬರುತ್ತಿತ್ತು.

ಕತ್ತೆಯ ಪುಸ್ತಕವನ್ನು ಮಾತ್ರ ಮೂಗಮ್ಮ ಕೇಳಲಿಲ್ಲ. ಅದು ಬರುವ ಹೊತ್ತಿಗೆ ಅವಳಿರಲಿಲ್ಲ.

ಅತ್ತೆ ಸಾಯುವಾಗ ಮಂಗಳಗೌರಿ ಕಂಡದ್ದೊಂದು ಅವಳ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು. ಮೂಗಮ್ಮ ಮೊಮ್ಮಗನನ್ನು ಕರೆಯುತ್ತಿದ್ದಳು. ಅಜ್ಜಿಯ ಸೊಂಟದ ಮೇಲೇ ಬೆಳೆದ ಗೋವರ್ಧನ ಹೊಸ್ತಿಲಿಂದ ಈಚೆ ಬರಲಿಲ್ಲ. "ಬಾರೋ, ಕೈ ಹಿಡ್ಕೋ, ಅಷ್ಟೇ" ಎಂದು ಮಂಗಳಗೌರಿ ಅಂಗಲಾಚಿದಳು. "ನಂಗಾಗಲ್ಲ ಅವ್ವ, ಭಯ ಆಗ್ತೈತೆ" ಎಂದವನು ಅಂಗಳಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಮುದುಕಿ ಬಾಗಿಲ ಕಡೆಗೇ ನೋಡುತ್ತ ಹೋದಳು. ಮಗನನ್ನು ಮಂಗಳಗೌರಿ ಬಯ್ಯಲಿಲ್ಲ. ಈಗ ಅವನು ಚಳ್ಳಕೆರೆಯಲ್ಲಿ ಐಟಿಐ ಓದುತ್ತಾನೆ, ಮನೆಗೆ ಬಂದಾಗ ಅಜ್ಜಿಯ ಕೋಣೆಗೆ ಹೋಗದೆ ಹೊರಗಡೆಯೇ ಮಲಗುತ್ತಾನೆ.

ಅತ್ತೆ ಹೋದ ವರ್ಷದ ಆಯ್ಕೆಯಲ್ಲೇ ಕತ್ತೆಯ ಪುಸ್ತಕ ಕೈಗೆ ಸಿಕ್ಕಿತು. ಹೊಳೆದಂಡೆಯ ಅಗಸರ ಮನೆಯ ಕತ್ತೆ ಮುದಿಯಾಗಿ ಬೀಳುತ್ತದೆ. ದೊಡ್ಡವರೆಲ್ಲ ನಾಟಿವೈದ್ಯನನ್ನು ಹುಡುಕಿ ಹೋಗುತ್ತಾರೆ. ಮನೆಯ ಚಿಕ್ಕ ಹುಡುಗಿ ಪಕ್ಕದಲ್ಲಿ ಕೂತು, ತಾವಿಬ್ಬರೂ ಬಟ್ಟೆಗಂಟು ಹೊತ್ತು ನಡೆದ ದಾರಿಯನ್ನು ತಿರುವು ತಿರುವಾಗಿ ಅದಕ್ಕೆ ಹೇಳುತ್ತಾಳೆ, ಅದರ ಕಿವಿ ಅಲುಗುವುದು ನಿಲ್ಲುವವರೆಗೆ. ಕೊನೆಯ ಪುಟದಲ್ಲಿ ಮಾತಿಲ್ಲ, ಬರೀ ಹೊಳೆಯ ಚಿತ್ರ. ಮಂಗಳಗೌರಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು.

ಪಕ್ಕದ ಊರಿನ ಗ್ರಂಥಾಲಯದ ಸಿದ್ದಲಿಂಗೇಶ್ ಪುಟ ತಿರುವಿ ನಕ್ಕ. "ಮೇಡಂ, ಬೇರೆ ಏನೂ ಸಿಗಲಿಲ್ವಾ? ಮಕ್ಕಳಿಗೆ ಸಾವು ಯಾಕ್ರೀ? ದೊಡ್ಡೋರಾದ್ಮೇಲೆ ತಾವೇ ಕಲೀತಾರೆ ಬಿಡಿ."

"ಸಾಯೋರ ಪಕ್ಕ ಕೂರೋದನ್ನ ಯಾವಾಗ ಕಲೀತಾರೆ?"

"ಅದೂ ಸಿಲಬಸ್ಸಾಗೆ ಬಂತಾ? ನೋಡ್ರಿ, ಮಕ್ಕಳು ಅತ್ತರೆ ನಮ್ಮೂರಿಗೆ ಕಳಿಸಬ್ಯಾಡಿ."

ಅವಳೂ ನಕ್ಕಳು. ಪುಸ್ತಕ ಗೂಡಿಗೆ ಬಂತು.

ಮೊದಲು ಅದನ್ನು ಒಯ್ದವಳು ರೂಪ. ಪಾತಣ್ಣನ ಮಗಳು, ಐದನೇ ತರಗತಿ. ಶಾಲೆ ಬಿಟ್ಟ ಮೇಲೆ ಗೂಡಿನ ಮುಂದೆ ಮಂಡಿಯೂರಿ ಕೂರುತ್ತಿದ್ದಳು. ಓದುವಾಗ ಕತೆಯಲ್ಲಿ ಯಾರಿಗಾದರೂ ಬಾಯಾರಿದರೆ ಎದ್ದು ಹೋಗಿ ನೀರು ಕುಡಿದು ಬರುವವಳು. ಮಂಗಳಗೌರಿ ಅವಳಿಗಾಗಿಯೇ ಪುಸ್ತಕ ತೆಗೆದಿಡುತ್ತಿದ್ದಳು. ಕುರುಡು ಮೀನಿನ ಕತೆ, ಭಾಷೆ ಬಾರದ ಊರಿಗೆ ಬಂದ ಹುಡುಗನ ಕತೆ, ಮಳೆ ಮಾರುವ ಅಜ್ಜನ ಕತೆ. ಒಂದೊಂದು ಓದಿದಾಗಲೂ ರೂಪಳ ಪ್ರಶ್ನೆಗಳು ಬೆಳೆಯುತ್ತಿದ್ದವು. ಕತ್ತೆಯ ಪುಸ್ತಕ ಮುಗಿಸಿದ ದಿನ ಅವಳು ಕೊನೆಯ ಪುಟದ ಹೊಳೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು, "ಅಕ್ಕಾ, ಪಕ್ಕದಾಗೆ ಯಾರೋ ಅದಾರೆ ಅಂತ ಕತ್ತೆಗೆ ಗೊತ್ತಾಗಿರ್ತೈತಾ?"

"ಗೊತ್ತಾಗ್ತೈತೆ ಪುಟ್ಟಾ" ಎಂದಿದ್ದಳು ಮಂಗಳಗೌರಿ. ಅತ್ತೆ ಬಾಗಿಲ ಕಡೆ ನೋಡಿದ್ದನ್ನು ನೆನೆದು ಹೇಳಿದ ಮಾತು ಅದು.

ಪಾತಣ್ಣ ಪುಸ್ತಕ ಕೊಟ್ಟುಹೋದ ಮರುದಿನ ಬೆಳಿಗ್ಗೆ ಚಂದ್ರಣ್ಣ ಬಂದ. ಹಟ್ಟಿಯವನೇ, ಪಂಚಾಯಿತಿ ಸದಸ್ಯ. ನಡೆದದ್ದನ್ನೆಲ್ಲ ಅವನಿಂದ ತಿಳಿದಳು.

ದೇವರ ಎತ್ತುಗಳು ಉಳುವುದಿಲ್ಲ, ಗಾಡಿ ಎಳೆಯುವುದಿಲ್ಲ, ಸಂತೆಗೆ ಹೋಗುವುದಿಲ್ಲ. ಮುಳ್ಳುಬೇಲಿಯ ರೊಪ್ಪದಲ್ಲಿ ಹುಟ್ಟಿ, ಬಯಲ ಹುಲ್ಲು ಮೇಯ್ದು, ಅಲ್ಲೇ ಮುದಿಯಾಗುತ್ತವೆ. ಸತ್ತರೆ ಮನುಷ್ಯರಿಗೆ ಮಾಡಿದಂತೆಯೇ ಮಣ್ಣು ಮಾಡುತ್ತಾರೆ. ಈ ಹಟ್ಟಿಯ ಕಟ್ಟುಕಟ್ಟಳೆಯಲ್ಲಿ ಹೆಣ್ಣು ಕೂಸು ಕೂಡ ರೊಪ್ಪದೊಳಗೆ ಕಾಲಿಡುವಂತಿಲ್ಲ. ಹೋರಿ ನೆಲ ಹಿಡಿಯಿತೆಂದರೆ ಹಿರಿಯರು ಮೈ ತೊಳೆದು ಬಂದು, ಅವರೇ ಅದರ ಬಾಯಿಗೆ ಕೊನೆಯ ನೀರು ಬಿಡಬೇಕು.

ಎಲ್ಲಕ್ಕಿಂತ ಹಿರಿಯ ಹೋರಿ ಬಿದ್ದ ದಿನ ಹಿರಿಯರು ಯಾರೂ ಹಟ್ಟಿಯಲ್ಲಿರಲಿಲ್ಲ. ರಾಂಪುರದ ಕಡೆ ಒಂದು ನಿಶ್ಚಿತಾರ್ಥಕ್ಕೆ ಹೋಗಿದ್ದರು. ಫೋನು ಹತ್ತಲಿಲ್ಲ. ಪಾತಣ್ಣ ಯಾರದೋ ಬೈಕ್ ಹತ್ತಿ ಕರೆತರಲು ಓಡಿದ. ಉಳಿದ ಎತ್ತುಗಳನ್ನು ಕೆಂಚಣ್ಣ ಮೇಯಿಸಲು ಹೊಡೆದುಕೊಂಡು ಹೋಗಿದ್ದ. ಶಾಲೆ ಬಿಟ್ಟು ಬಂದ ರೂಪ ಬೇಲಿಯಾಚೆ ನಿಂತು ನೋಡಿದಳು. ಹೋರಿ ಒಂಟಿಯಾಗಿ ಬಿದ್ದಿತ್ತು. ಕಾಲು ಬಡಿಯುತ್ತಿತ್ತು. ಕುತ್ತಿಗೆ ಎತ್ತಿ ಯಾರನ್ನೋ ಹುಡುಕಿದಂತೆ ಮಾಡಿ ಮತ್ತೆ ಇಳಿಸುತ್ತಿತ್ತು.

"ಸಂಜೆ ನಾವು ಬಂದು ನೋಡಿದ್ರೆ ಏನು ಹೇಳ್ಲಿ ಅಕ್ಕೋರೆ" ಎಂದ ಚಂದ್ರಣ್ಣ. "ಹೋರಿ ತಲೆ ಮಗೀನ ತೊಡೆ ಮೇಲೈತೆ. ಬುಕ್ಕು ಪಕ್ಕದಾಗೈತೆ. ಶಾಲೆ ಬಾಟ್ಲಿ ನೀರು ಕುಡಿಸೈತೆ. ದಾರಿ ಹೇಳ್ತಾ ಕೂತೈತೆ. ಇಗಾ ಬನ್ನಿಮರ ಬಂತು, ಇಗಾ ವರವು ಕಾವಲು ಬಂತು, ಹುಲ್ಲು ಐತೆ ನೋಡು ಅಂತ. ಅದ್ರ ಪ್ರಾಣ ಹೋಗಿ ಎಷ್ಟೊತ್ತಾಗಿತ್ತೋ, ಹೇಳ್ತಾನೇ ಐತೆ."

ಮಂಗಳಗೌರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಯಾರೂ ಹುಡುಗಿಗೆ ಹೊಡೆಯಲಿಲ್ಲ. ರೊಪ್ಪವನ್ನು ಶುದ್ಧಿ ಮಾಡಿದರು. ಕಟ್ಟು ಮುರಿದ ಮನೆಯವನ ಕೈಯಲ್ಲಿ ಕೋಲು ಇರಬಾರದೆಂದು ತೆಗೆದು ಕೆಂಚಣ್ಣನಿಗೆ ಕೊಟ್ಟರು. ಅಂದಿನಿಂದ ಪಾತಣ್ಣ ಅನ್ನ ಸರಿಯಾಗಿ ಉಣ್ಣುತ್ತಿಲ್ಲ. ಎತ್ತುಗಳೂ ಕೆಂಚಣ್ಣನ ಕೂಗಿಗೆ ಬರುತ್ತಿಲ್ಲ.

"ಒಂದು ದಾರಿ ಐತೆ" ಎಂದ ಚಂದ್ರಣ್ಣ, ಕುರ್ಚಿ ಹತ್ತಿರ ಎಳೆದು. "ನೀವು ಬಂದು ತಪ್ಪುಕಾಣಿಕೆ ಇಡಿ. ಒಂದು ತೆಂಗಿನಕಾಯಿ, ಎಲೆ ಅಡಿಕೆ. ಬುಕ್ಕು ಸರಿ ಇರ್ಲಿಲ್ಲ, ಗೊತ್ತಿಲ್ದೆ ತರಿಸ್ದೆ, ಮಗೀಗೆ ತಲೆ ಕೆಡ್ತು ಅನ್ನಿ. ತಪ್ಪು ಹೊರಗಿಂದ ಬಂತು ಅಂದ್ರೆ ಮನೆ ಮೇಲೆ ಉಳಿಯಲ್ಲ. ಪಾತಣ್ಣಂಗೆ ಕೋಲು ವಾಪಸ್ಸು. ನಮ್ಮ ಹಟ್ಟಿ ಹಿರೇರು ಕಲ್ಲೇಶಪ್ಪಾರು ಒಪ್ಪವ್ರೆ."

"ರೂಪ ಅಲ್ಲಿರ್ತಾಳಾ?"

"ಮಗೀನ ಮಾತಿಗೇ ಅಲ್ವಾ ಸೇರೋದು. ಇರ್ಲೇಬೇಕು."

ಮಂಗಳಗೌರಿ ಗೂಡಿನ ಕಡೆ ನೋಡಿದಳು. "ಬೇರೆ ಥರ ಹೇಳಕ್ಕಾಗಲ್ವಾ ಚಂದ್ರಣ್ಣ? ಹುಡುಗಿ ಮನಸ್ಸು ಒಳ್ಳೇದು, ಅಷ್ಟೇ ಅಂತ?"

"ಅದು ಎಲ್ರಿಗೂ ಗೊತ್ತೈತೆ ಅಕ್ಕೋರೆ. ಗೊತ್ತಿದ್ರೂ ಕಟ್ಟು ಕಟ್ಟೇ."

ಹಟ್ಟಿ ಊರಿಂದ ಸ್ವಲ್ಪ ದೂರ, ಜಾಲಿ ಮುಳ್ಳಿನ ನಡುವಿನ ಕಾಲುದಾರಿ. ಕೈಯಲ್ಲಿ ಕಾಯಿ, ಎಲೆ, ಅಡಿಕೆಯ ಚೀಲ ಹಿಡಿದು ಮಂಗಳಗೌರಿ ನಡೆದಳು. ವರವು ಕಾವಲಿನ ಕಡೆಯಿಂದ, ಅಲ್ಲಿ ಪರೀಕ್ಷೆಗೆ ಹಾರಿಸುವ ಡ್ರೋನಿನ ಗುಂಯ್ ಸದ್ದು ಬರುತ್ತಿತ್ತು, ಕುರಿಗಳು ಅದಕ್ಕೆ ಒಗ್ಗಿಹೋಗಿ ತಲೆಯೆತ್ತದೆ ಮೇಯುತ್ತಿದ್ದವು. ಹೇಳಬೇಕಾದ ಮಾತನ್ನು ಅವಳು ದಾರಿಯುದ್ದಕ್ಕೂ ಜೋಡಿಸಿದಳು. ಪಾತಣ್ಣನ ಖಾಲಿ ಕೈ ಕಣ್ಣ ಮುಂದೆ ಬಂದರೆ ಮಾತು ಸುಲಭವಾಗುತ್ತಿತ್ತು. ರೂಪ ಕಣ್ಣ ಮುಂದೆ ಬಂದರೆ ಮತ್ತೆ ಮೊದಲಿಂದ ಜೋಡಿಸಬೇಕಾಗುತ್ತಿತ್ತು. ತನ್ನ ಮಗ ಹೊಸ್ತಿಲು ದಾಟದೆ ಹೋದ. ಈ ಕೂಸು ಬೇಲಿ ದಾಟಿತು. ಯಾವುದಕ್ಕೆಂದು ಅವಳು ಇಷ್ಟು ವರ್ಷ ಪುಸ್ತಕ ಹೆಕ್ಕಿದಳೋ ಅದು ಒಬ್ಬ ಹುಡುಗಿಯಲ್ಲಿ ಕೂಡಿಬಂದಿತ್ತು. ಅದನ್ನೀಗ ತಪ್ಪು ಎನ್ನಬೇಕು, ಆ ಹುಡುಗಿಯ ಎದುರಿಗೇ.

ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಹಿರಿಯರು ಕೂತಿದ್ದರು. ಮಂಗಳಗೌರಿಗೂ ಒಂದು ಕಂಬಳಿ ಹಾಸಿದರು. ಗೋಡೆಯ ಬದಿಗೆ ರೂಪ, ಅವಳ ಭುಜದ ಮೇಲೆ ತಾಯಿ ರೇಣುಕಮ್ಮನ ಕೈ. ಪಾತಣ್ಣ ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೆಲ ನೋಡುತ್ತಿದ್ದ.

ಮಂಗಳಗೌರಿ ಕಾಯಿ ಇಟ್ಟಳು. "ತಪ್ಪು ಮಗೀಂದಲ್ಲ" ಎಂದಳು. "ಪಾತಣ್ಣಂದೂ ಅಲ್ಲ. ಪುಸ್ತಕ ಆರಿಸಿದೋಳು ನಾನು. ಅದು..." ಎಲೆ ಅಡಿಕೆಯನ್ನು ಕಾಯಿಯ ಪಕ್ಕ ಜೋಡಿಸಿದಳು. ಮತ್ತೆ ಹೇಳಿದಳು. "ಅದು ಮಕ್ಕಳಿಗೆ ಕೊಡೋ ಪುಸ್ತಕ ಅಲ್ಲ. ನಂಗೆ ತಿಳೀಲಿಲ್ಲ. ಇನ್ಮೇಲೆ ಇಡಲ್ಲ."

ಎಲ್ಲರೂ ಕಲ್ಲೇಶಪ್ಪನವರ ಮುಖ ನೋಡಿದರು. ಮುದುಕರು ಕಾಯಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. "ಸಾಕವ್ವ. ಇಷ್ಟು ಅಂದ್ಯಲ್ಲ, ಸಾಕು." ಆಮೇಲೆ ತಮಗೇ ಹೇಳಿಕೊಳ್ಳುವ ಹಾಗೆ ಅಂದರು, "ಆ ಹೋರಿ ಹುಟ್ಟಿದಾಗ ನಾನೇ ಮೈ ಒರಸಿ ನಿಲ್ಲಿಸಿದ್ದು. ಸಾಯೋವಾಗ ಇರಾಕೆ ಆಗಲಿಲ್ಲ. ಹೋಳಿಗೆ ಉಣ್ತಾ ಕೂತಿದ್ದೆ. ಈ ಕೂಸು ಇತ್ತು ಅದ್ರ ಪಕ್ಕದಾಗೆ." ಅವರು ಕಾಯಿಯನ್ನು ತಮ್ಮ ಮುಂದಕ್ಕೆ ಎಳೆದುಕೊಂಡರು. "ಆದ್ರೂ ಹಿರೇರು ಹಾಕಿದ ಕಟ್ಟು. ನಾನೇನು ಮಾಡ್ಲಿ ಹೇಳವ್ವ."

ಕೆಂಚಣ್ಣ ಎದ್ದು ಬಂದು ಕೋಲನ್ನು ಪಾತಣ್ಣನ ಮುಂದೆ ಹಿಡಿದ. "ತಗಳೋ ಮಾರಾಯ. ನಿನ್ನ ಎತ್ತು ನನ್ನ ಮಾತು ಕೇಳಲ್ಲ, ನಿನ್ನ ಹಂಗೇ ಮೊಂಡು." ಯಾರೋ ನಕ್ಕರು. ಪಾತಣ್ಣ ಎರಡೂ ಕೈಯಲ್ಲಿ ಕೋಲು ತೆಗೆದುಕೊಂಡು ಅದನ್ನು ಎದೆಗೆ ಒತ್ತಿಕೊಂಡು ಅತ್ತ. ಮಂಗಳಗೌರಿಗೆ ಕೈ ಮುಗಿದ. ಅದನ್ನು ನೋಡಲಾರದೆ ಅವಳು ಮುಖ ತಿರುಗಿಸಿದಳು. ತಿರುಗಿಸಿದ ಕಡೆ ರೂಪ ಇದ್ದಳು.

ಹುಡುಗಿ ಅಳುತ್ತಿರಲಿಲ್ಲ. "ಅಕ್ಕಾ" ಎಂದಳು. "ಹಂಗಾದ್ರೆ ನಾನು ಬೇಲಿ ಆಚೆಗೇ ನಿಂತು ನೋಡಬೇಕಿತ್ತಾ?"

"ಏಯ್, ಸುಮ್ಕಿರು" ಎಂದು ರೇಣುಕಮ್ಮ ಭುಜ ಅಲುಗಿಸಿದಳು. "ದೊಡ್ಡೋರು ಮುಗಿಸವ್ರೆ, ಮತ್ತೆ ಕೆದಕ್ತೀಯಾ?"

ಮರದ ಕೆಳಗೆ ಎಲ್ಲರೂ ಕೇಳಿಸಿಕೊಂಡಿದ್ದರು. ಮಂಗಳಗೌರಿ ಬಾಯಿ ತೆರೆದಳು. ಹೌದು ಎಂದರೆ ಈ ಕೂಸು ಜೀವಮಾನವಿಡೀ ಬೇಲಿಯಾಚೆಗೇ ಉಳಿದೀತು. ಇಲ್ಲ ಎಂದರೆ ಪಾತಣ್ಣನ ಕೈಯ ಕೋಲು ಈಗಲೇ ಕೆಳಗಿಳಿಯುತ್ತದೆ. ರೂಪ ಉತ್ತರಕ್ಕೆ ಕಾದಳು. ಆಮೇಲೆ ತಾಯಿಯ ಕೈಯನ್ನು ಭುಜದಿಂದ ಮೆಲ್ಲಗೆ ತೆಗೆದು, ಮನೆಗಳ ಹಿಂದಿನ ಓಣಿಗೆ ಹೊರಳಿ ಕಾಣದಾದಳು.

"ಮಕ್ಕಳು, ಮರೀತಾವೆ" ಎಂದರು ಕಲ್ಲೇಶಪ್ಪ. ಭಾರ ಇಳಿದವರ ಹಾಗೆ ಎಲೆಗೆ ಸುಣ್ಣ ಹಚ್ಚತೊಡಗಿದರು. "ನೋಡವ್ವ, ಬುಕ್ಕು ಬ್ಯಾಡ ಅಂತ ನಾನು ಅನ್ನಲ್ಲ. ನಮ್ಮ ಹುಡುಗ್ರು ಪೊಲೀಸ್ ಪರೀಕ್ಷೆ ಬರೀತಾವೆ, ಅಂಥವು ತರಿಸು. ಲೆಕ್ಕದ್ದು ತರಿಸು. ಯಾವ ಊರಿಗೆ ಯಾವ ನದಿ, ಯಾರು ಮಂತ್ರಿ, ಅಂಥವು ಐತಲ್ಲ, ಅವು ಒಳ್ಳೇವು. ಓದಿದ್ರೆ ತಲೆಯಾಗೆ ಉಳಿಯಬೇಕು, ಹೊಟ್ಟೆಗೆ ಇಳಿದು ಸಂಕಟ ಮಾಡಬಾರ್ದು. ಏನಂತೀಯ ಚಂದ್ರಣ್ಣ? ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸೋ ಬುಕ್ಕು ಸಿಕ್ಕಿದ್ರೆ ಅದೂ..."

ಮಂಗಳಗೌರಿ ಕಂಬಳಿಯಿಂದ ಎದ್ದಳು.

"ಕೂತ್ಕಳಿ ಅಕ್ಕೋರೆ, ಟೀ ಬರ್ತೈತೆ" ಎಂದ ಚಂದ್ರಣ್ಣ. ಕಲ್ಲೇಶಪ್ಪನವರು ಇನ್ನೂ ಅವಳನ್ನೇ ಕುರಿತು ಹೇಳುತ್ತಿದ್ದರು, ಟೈಲರಿಂಗ್ ಬುಕ್ಕು ಚಳ್ಳಕೆರೆಯಲ್ಲಿ ಎಲ್ಲಿ ಸಿಗುತ್ತದೆಂದು. ಹುಡುಗಿ ಕೇಳಿದ್ದಕ್ಕೆ ಉತ್ತರ ಇನ್ನೂ ಬಾಕಿ ಇತ್ತು. ಅವಳು ಗೋಡೆಯ ಪಕ್ಕದಿಂದ ಹಾದು, ರೂಪ ಹೋದ ಓಣಿಯ ಕಡೆ ನಡೆದಳು.